ಮಿನಿ ಟ್ರ್ಯಾಕ್ಟರ್‌ಗೆ ಹೈಡ್ರಾಲಿಕ್ ವಾಲ್ವ್ ತರುವವರ ಗಮನಕ್ಕೆ

ಗೆಳೆಯರೇ, ಬೆಲೆ ನೋಡಿ ಸುಮ್ನೆ ವಾಲ್ವ್ (ಪಂಪಿನ ಎಣ್ಣೆಯನ್ನು ಬೇಕಾದ ಕಡೆ ತಿರುಗಿಸುವ ಭಾಗ) ತರಬೇಡಿ. ಟಿಪ್ಪಿಂಗ್ ಟ್ರಾಲಿಗೆ ಸಾಮಾನ್ಯವಾಗಿ ಸಿಂಗಲ್ ಆ್ಯಕ್ಟಿಂಗ್ (ಎಣ್ಣೆಯ ಒತ್ತಡ ಎತ್ತಲು ಮಾತ್ರ) ಸಾಕು, ಟ್ರಾಲಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಲೋಡರ್‌ಗೆ ಡಬಲ್ ಆ್ಯಕ್ಟಿಂಗ್ (ಎತ್ತಲೂ ಇಳಿಸಲೂ ಒತ್ತಡ) ಬೇಕು, ಬಕೆಟ್ ನೆಲದ ಏರುತಗ್ಗು ಹಿಡಿದು ಸಾಗಬೇಕಾದರೆ ಫ್ಲೋಟ್ (ಬಕೆಟ್ ತಾನಾಗಿ ಮೇಲೆ ಕೆಳಗೆ ಆಡಲು ಬಿಡುವ ಸ್ಥಾನ) ಇರುವ ಸ್ಪೂಲ್, ಅಂದರೆ ವಾಲ್ವಿನೊಳಗೆ ಸರಿಯುವ ಕಡ್ಡಿ, ಕೇಳಿ.

ಮಾಮೂಲಿ ಗೇರ್ ಪಂಪ್ ಇದ್ದರೆ ಓಪನ್ ಸೆಂಟರ್ (ಲಿವರ್ ನಡುವೆ ಇದ್ದಾಗ ಎಣ್ಣೆ ಹರಿದು ಹೋಗಲು ಬಿಡುವ) ವಾಲ್ವೇ ಹಾಕಿ. ಆ ದಾರಿ ಮುಚ್ಚುವ ಕ್ಲೋಸ್ಡ್ ಸೆಂಟರ್ ಹಾಕಿದರೆ ಎಣ್ಣೆಗೆ ದಾರಿ ಸಿಗದೆ ರಿಲೀಫ್ ವಾಲ್ವ್ (ಹೆಚ್ಚಾದ ಒತ್ತಡ ಬಿಡುವ ವಾಲ್ವ್) ಕಿರುಚಲು ಶುರುವಾಗುತ್ತದೆ, ಎಣ್ಣೆ ಬಿಸಿಯಾಗುತ್ತದೆ.

ಇನ್ನೊಂದು ಮುಖ್ಯ ವಿಷಯ, ಪವರ್ ಬಿಯಾಂಡ್ ಪೋರ್ಟ್, ಅಂದರೆ ಈ ವಾಲ್ವ್ ದಾಟಿದ ಎಣ್ಣೆಯನ್ನು ಒತ್ತಡದೊಂದಿಗೆ ಮುಂದಿನ ಭಾಗಕ್ಕೆ ಕಳಿಸುವ ಬಾಯಿ. ನಾನು ಮೊದಲು ತಂದದ್ದರಲ್ಲಿ ಅದು ಇರಲಿಲ್ಲ, ಎಣ್ಣೆಯೆಲ್ಲ ನೇರ ಟ್ಯಾಂಕಿಗೆ ಹೋಗಿ ಹಿಂದಿನ ಲಿಫ್ಟ್ ಏಳಲೇ ಇಲ್ಲ, ರೋಟವೇಟರ್ ನೆಲದಲ್ಲೇ ಕೂತಿತ್ತು.

ಪಂಪ್ ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆ ಕೊಡುತ್ತದೆ, ಒತ್ತಡ ಎಷ್ಟು ಬಾರ್ ಎಂಬ ಎರಡನ್ನೂ ಮ್ಯಾನ್ಯುಯಲ್‌ನಲ್ಲಿ ನೋಡಿಕೊಂಡೇ ಅಂಗಡಿಗೆ ಹೋಗಿ. ವಾಲ್ವ್ ಮೇಲೆ ಪಿಎಸ್‌ಐ ಇದ್ದರೆ 14.5ರಿಂದ ಭಾಗಿಸಿ, ಬಾರ್ ಸಿಗುತ್ತದೆ.