ಏಳನೇ ತರಗತಿ ಪೋಷಕರಿಗೆ: ಗಿಡಗಳ ಪ್ರಾಜೆಕ್ಟ್ ಬಗ್ಗೆ

ಆತ್ಮೀಯ ಪೋಷಕರೇ,

ನಮಸ್ಕಾರ. ಈ ತಿಂಗಳು ಏಳನೇ ತರಗತಿ ಮಕ್ಕಳು ಸುತ್ತಮುತ್ತಲಿನ ಗಿಡಗಳನ್ನು ಗುರುತಿಸಿ, ಗುಂಪು ಮಾಡಿ, ಹೆಸರು ಬರೆಯುತ್ತಿದ್ದಾರೆ. ಮನೆಯಲ್ಲಿ ಮಗು ಬೆಂಡೆ ಹೂವನ್ನು ಬಿಡಿಸಿ ಪೇಪರ್ ಮೇಲೆ ಹರಡಿಕೊಂಡು ಕೂತಿದ್ದರೆ ಬೈಯಬೇಡಿ. ಅದು ನಾವೇ ಕೊಟ್ಟ ಹೋಮ್‌ವರ್ಕ್.

ಸಾಧ್ಯವಾದರೆ ನೀವೂ ಜೊತೆಗೆ ಕೂರಿ. ಐದೆಸಳಿನ ಕೆಂಪು ದಾಸವಾಳ, ಒಂದು ಬೆಂಡೆ ಹೂ, ಹೊಲದ ಕಡೆ ಸಿಕ್ಕರೆ ಒಂದು ಹತ್ತಿ ಹೂ ಪಕ್ಕಪಕ್ಕ ಇಡಿ. ಬಣ್ಣ ಬೇರೆ, ಗಾತ್ರ ಬೇರೆ. ಈಗ ನಡುವಿನ ಕಡ್ಡಿಯನ್ನು ನೋಡಿ. ಬೇರೆ ಎಷ್ಟೋ ಹೂಗಳಲ್ಲಿ ಕೇಸರಗಳು (ಪರಾಗದ ಪುಡಿ ಇರುವ ಗಂಡು ಎಳೆಗಳು) ಬಿಡಿಬಿಡಿಯಾಗಿ ನಿಂತಿರುತ್ತವೆ. ಇಲ್ಲಿ ಅವೆಲ್ಲ ಬುಡದಲ್ಲಿ ಕೂಡಿಕೊಂಡು ಒಂದು ಕೊಳವೆ ಆಗಿವೆ. ಹೂವಿನ ಹೆಣ್ಣು ಭಾಗ ಆ ಕೊಳವೆಯ ಒಳಗಿಂದ ಹಾದು ತುದಿಯಲ್ಲಿ ಹೊರಗೆ ಬರುತ್ತದೆ. ಹೂವನ್ನು ಉದ್ದಕ್ಕೆ ಸೀಳಿದರೆ ಚೆನ್ನಾಗಿ ಕಾಣುತ್ತದೆ (ಬ್ಲೇಡ್ ದೊಡ್ಡವರ ಕೈಯಲ್ಲೇ ಇರಲಿ). ಹೂವಿನ ಕೆಳಗೆ, ಎಸಳುಗಳನ್ನು ಹಿಡಿದಿರುವ ಹಸಿರು ಬಟ್ಟಲಿನ (ಪುಷ್ಪಪಾತ್ರೆಯ) ಹೊರಗೆ, ಇನ್ನೊಂದು ಸುತ್ತು ಪುಟ್ಟ ಎಲೆಗಳೂ ಇರುತ್ತವೆ. ಅಡುಗೆಮನೆಯ ಬೆಂಡೆ, ದೇವರಮನೆಯ ದಾಸವಾಳ, ಬಟ್ಟೆಯ ಹತ್ತಿ ಮೂರೂ ಮಾಲ್ವೇಸಿ ಅನ್ನುವ ಒಂದೇ ಕುಟುಂಬ. ಇದನ್ನು ಮಗು ಬಾಯಿಪಾಠ ಮಾಡುವುದು ನಮಗೆ ಬೇಡ. ತಾನೇ ನೋಡಿ ಕಂಡುಕೊಳ್ಳಬೇಕು.

ಎಲೆ ಬಿಟ್ಟು ಹೂವೇ ಯಾಕೆ ಅಂತ ಕೆಲವರು ಕೇಳಿದ್ದೀರಿ. ನೆರಳು, ನೀರು, ಮಣ್ಣು ಬದಲಾದರೆ ಒಂದೇ ಗಿಡದ ಎಲೆ ಚಿಕ್ಕದು ದೊಡ್ಡದು ಆಗುತ್ತದೆ. ಹೂವಿನ ಕಟ್ಟು ಅಷ್ಟು ಸುಲಭಕ್ಕೆ ಬದಲಾಗದು. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ ಕೂಡ ಕೇಸರಗಳನ್ನು ಎಣಿಸಿಯೇ ಗಿಡಗಳನ್ನು ವಿಂಗಡಿಸಿದರು. ಬರೀ ಎಣಿಕೆ ನಂಬಿದರೆ ಸಂಬಂಧವೇ ಇಲ್ಲದ ಗಿಡಗಳು ಒಂದೇ ಗುಂಪಿಗೆ ಬರುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ಈಗ ಡಿಎನ್ಎ ಕೂಡ ನೋಡುತ್ತಾರೆ. ಆದರೆ 1753ರಲ್ಲಿ ಲಿನೇಯಸ್ ಗಿಡಗಳಿಗೆಲ್ಲ ಕೊಟ್ಟ ಎರಡು ಪದದ ಹೆಸರಿನ ಪದ್ಧತಿ ಇವತ್ತಿಗೂ ನಡೆಯುತ್ತಿದೆ.

ನಮ್ಮಲ್ಲಿ ಮನೆತನದ ಹೆಸರು ಮೊದಲು ಹೇಳಿ ಆಮೇಲೆ ಸ್ವಂತ ಹೆಸರು ಹೇಳುವವರಿಲ್ಲವೇ, ಹಾಗೆಯೇ ಇದು. ಆಲ ಅಂದರೆ ಫೈಕಸ್ ಬೆಂಗಾಲೆನ್ಸಿಸ್, ಅರಳಿ ಅಂದರೆ ಫೈಕಸ್ ರಿಲಿಜಿಯೋಸಾ, ಅತ್ತಿ ಅಂದರೆ ಫೈಕಸ್ ರೆಸಿಮೋಸಾ. ಮೊದಲ ಪದ ಜಾತಿ, ಎರಡನೆಯದು ಆ ಜಾತಿಯೊಳಗಿನ ಪ್ರಭೇದ. ಹತ್ತಿರದ ಜಾತಿಗಳು ಸೇರಿದರೆ ಕುಟುಂಬ. ಮೂರರಲ್ಲೂ ಎಲೆ ಕಿತ್ತರೆ ಹಾಲು ಒಸರುತ್ತದೆ, ಮೂರರಲ್ಲೂ ಹೂ ಕಾಯಿಯ ಒಳಗೇ ಅಡಗಿರುತ್ತದೆ. ಹಲಸು ಮತ್ತು ಹಿಪ್ಪುನೇರಳೆ ಬೇರೆ ಜಾತಿ, ಆದರೂ ಇದೇ ಕುಟುಂಬ.

ವಿಜ್ಞಾನ ಓದಿದ ಪೋಷಕರಿಗೆ ಒಂದು ಮಾತು. ಟೊಮೆಟೊಗೆ ನೀವು ಲೈಕೋಪರ್ಸಿಕಾನ್ ಎಸ್ಕುಲೆಂಟಮ್ ಎಂದು ಕಲಿತಿರಬಹುದು. ಈಗ ಅದು ಸೊಲಾನಮ್ ಲೈಕೋಪರ್ಸಿಕಮ್, ಅಂದರೆ ಬದನೆ, ಆಲೂಗಡ್ಡೆಯ ಜಾತಿಯೇ. ಮಗು ಈ ಹೊಸ ಹೆಸರು ಬರೆದಿದ್ದರೆ ತಪ್ಪು ಅಂತ ತಿದ್ದಬೇಡಿ.

ಲ್ಯಾಟಿನ್ ಹೆಸರಿಗಿಂತ ನಮಗೆ ಮೊದಲು ಬೇಕಾಗಿರುವುದು ನಿಮ್ಮ ಮನೆಯ ಹೆಸರು. ಸೀಬೆ ಅನ್ನುವವರು ಸೀಬೆ ಅಂತ, ಪೇರಲ ಅನ್ನುವವರು ಪೇರಲ ಅಂತ ಬರೆಸಿ. ಎರಡೂ ಸರಿ. ಅಜ್ಜಿ ತಾತ ಹೇಳುವ ಹೆಸರು ಈಗ ಬರೆದಿಡದಿದ್ದರೆ ಮುಂದೆ ಕೇಳೋಕೆ ಯಾರೂ ಇರುವುದಿಲ್ಲ. ಅದರ ಪಕ್ಕದಲ್ಲಿ ವೈಜ್ಞಾನಿಕ ಹೆಸರೂ ಯಾಕೆ ಬೇಕು ಅನ್ನುವುದಕ್ಕೆ ಬ್ರಾಹ್ಮಿ ಸಾಕು. ನಮ್ಮಲ್ಲಿ ತಂಬುಳಿ ಮಾಡುವ ಒಂದೆಲಗವನ್ನು ಬ್ರಾಹ್ಮಿ ಅನ್ನುತ್ತಾರೆ. ಅದು ಸೆಂಟೆಲ್ಲಾ ಏಷ್ಯಾಟಿಕಾ, ಕೊತ್ತಂಬರಿಯ ಕುಟುಂಬ. ತೇವದ ಜಾಗದಲ್ಲಿ ಹಬ್ಬುವ, ಪುಟ್ಟ ದಪ್ಪ ಎಲೆಯ ಬಕೋಪಾ ಮೊನಿಯೇರಿಯನ್ನೂ ಬ್ರಾಹ್ಮಿ ಎಂದೇ ಮಾರುತ್ತಾರೆ. ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಔಷಧಿಗೆ ತರುವಾಗ ಯಾವುದು ಅಂತ ಗೊತ್ತಿರಬೇಕು ಅಲ್ವಾ?

ಮೊಬೈಲ್‌ನಲ್ಲಿ ಫೋಟೊ ಹಿಡಿದರೆ ಹೆಸರು ಹೇಳುವ ಆ್ಯಪ್‌ಗಳಿವೆ. ಬೇಡ ಅನ್ನುವುದಿಲ್ಲ, ಆದರೆ ಮಗು ಹೂವನ್ನು ನೋಡಿ, ಚಿತ್ರ ಬರೆದು, ತನ್ನ ಊಹೆ ಬರೆದ ಮೇಲೆ. ಇಂಟರ್‌ನೆಟ್‌ನಿಂದ ಪ್ರಿಂಟ್ ತೆಗೆದ ಬಣ್ಣದ ಚಿತ್ರಗಳಿಗೆ ಅಂಕ ಕೊಡುವುದಿಲ್ಲ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಮಕ್ಕಳಿಗೂ ಓದಿ ಹೇಳಿ. ಯಾವ ಗಿಡವನ್ನೂ ಬಾಯಿಗೆ ಹಾಕಬಾರದು. ಬದನೆಯ ಕುಟುಂಬದಲ್ಲೇ ದತ್ತೂರಿಯೂ ಇದೆ. ಒಂದೇ ಕುಟುಂಬ ಅಂದ ಮಾತ್ರಕ್ಕೆ ತಿನ್ನಬಹುದು ಅಂತಲ್ಲ. ಕಣಗಿಲೆಯೂ ವಿಷ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ. ಪಾರ್ಥೇನಿಯಂ ಮುಟ್ಟುವುದು ಬೇಡ, ಮೈ ತುರಿಕೆ ಬರುತ್ತದೆ.

ಪ್ರತಿ ಮಗು ಐದು ಗಿಡ ತಂದರೆ ಸಾಕು. ಹೂವಿರುವ ಒಂದು ಚಿಕ್ಕ ರೆಂಬೆಯನ್ನು ಹಳೇ ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ. ಪೇಪರ್ ದಿನಾ ಬದಲಿಸಿ, ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ. ಕಿತ್ತ ಜಾಗ, ದಿನಾಂಕ, ಹೂವಿನ ಬಣ್ಣ ಅವತ್ತೇ ಬರೆಸಿ, ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ. ತಿಂಗಳ ಕೊನೆಯ ಶನಿವಾರ ಬೆಳಗ್ಗೆ ಎಲ್ಲವನ್ನೂ ತರಗತಿಯಲ್ಲಿ ಜೋಡಿಸುತ್ತೇವೆ. ಗಿಡಗಳನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವತ್ತು ಕರೆದುಕೊಂಡು ಬನ್ನಿ. ಮಕ್ಕಳು ಅವರನ್ನು ಕೇಳಲು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದಾರೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ