ಜೆಲ್ ಹಾಕಿಸು, ಆದರೆ ಅಂಗಡಿಯವನ ಮಾತು ನಂಬಬೇಡ

ಚಿಕ್ಕಮಗಳೂರು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಲ್ಲಿ ಕೇಳಿದೆಯಲ್ಲ, ಪಂಕ್ಚರ್ ಅಂಗಡಿಯವನು ಸ್ಕೂಟರ್ ಟೈರಿಗೆ ಜೆಲ್ ಹಾಕಿಸಿ ಮೇಡಂ, ಇನ್ನು ಪಂಕ್ಚರೇ ಆಗಲ್ಲ ಅಂತಿದ್ದಾನೆ, ಹಾಕಿಸ್ಲಾ ಮಾವ ಅಂತ. ಅಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಹಾಕಿಸು. ಆದರೆ ಪಂಕ್ಚರ್ ಆಗೇ ಆಗುತ್ತದೆ, ನಿನಗೆ ಗೊತ್ತಾಗುವುದಿಲ್ಲ ಅಷ್ಟೇ.

ಅದರಲ್ಲಿರುವುದು ಗ್ಲೈಕಾಲ್ ಥರದ ದ್ರವ, ಜೊತೆಗೆ ಸಣ್ಣ ನಾರು, ರಬ್ಬರ್ ಚೂರು. ಚಕ್ರ ತಿರುಗಿದಂತೆ ಟೈರಿನ ಒಳಮೈಗೆ ಸವರಿಕೊಳ್ಳುತ್ತದೆ. ಮೊಳೆ ಚುಚ್ಚಿದರೆ ಒಳಗಿನ ಗಾಳಿಯೇ ಅದನ್ನು ತೂತಿಗೆ ತಳ್ಳುತ್ತದೆ, ನಾರು ಸಿಕ್ಕಿಕೊಂಡು ತೂತು ಮುಚ್ಚುತ್ತದೆ. ನನ್ನ ಬೈಕಿನಲ್ಲಿ ಕಣ್ಣಾರೆ ನೋಡಿದ್ದೇನೆ. ಮೊಳೆ ಕಿತ್ತ ತಕ್ಷಣ ಬುಸ್ ಅಂತು, ಹಸಿರು ನೊರೆ ಉಕ್ಕಿತು, ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿದೆ, ನಾಲ್ಕು ಗುಳ್ಳೆ ಬಂದು ನಿಂತೇ ಹೋಯಿತು.

ನಿನ್ನ ದಾರಿಗೆ ಇದು ಬೇಕು. ಆಲ್ದೂರು ದಾಟಿದರೆ ಎರಡೂ ಕಡೆ ತೋಟ, ಮಳೆಗಾಲದಲ್ಲಿ ಐದು ಗಂಟೆಗೇ ಕತ್ತಲು, ಪಂಕ್ಚರ್ ಅಂಗಡಿ ಹಾಗಿರಲಿ, ಒಂದು ನರಪಿಳ್ಳೆ ಸಿಗುವುದಿಲ್ಲ. ಮನೆ ಮುಟ್ಟಿಸಿದರೆ ಸಾಕು, ಅಲ್ವಾ? ಹಾಗಂತ ನೆಲಕ್ಕೆ ತಾಗುವ ಭಾಗದಲ್ಲಿ ಸುಮಾರು 6 ಮಿ.ಮೀ. ಒಳಗಿನ ತೂತಿಗಷ್ಟೇ ಅದರ ಆಟ. ಟೈರಿನ ಪಕ್ಕ ಸೀಳಿದರೆ ಏನೂ ಮಾಡಲ್ಲ. ಸವೆದು ಬೋಳಾದ ಟೈರಿಗೆ ಹಾಕಿಸುವುದು ಸುಮ್ನೆ ದುಡ್ಡು ದಂಡ.

ಇನ್ನು ನನ್ನ ಕಾರಿನ ಪಾಡು ಕೇಳು. ಜೆಲ್ ಹಾಕಿಸಿ ಒಂದೂವರೆ ವರ್ಷ ಒಂದು ಪಂಕ್ಚರೂ ಇಲ್ಲ, ನಾನೇ ಬುದ್ಧಿವಂತ ಅಂತ ಮೆರೆದೆ. ಆಮೇಲೆ ಹಾಸನದ ರಸ್ತೆಯಲ್ಲಿ 80 ದಾಟಿದರೆ ಸ್ಟೇರಿಂಗ್ ಗಡಗಡ. ನಿಲ್ಲಿಸಿದಾಗ ದ್ರವ ಕೆಳಗಿಳಿದು ಕೂರುತ್ತಲ್ಲ, ಬ್ಯಾಲೆನ್ಸಿಂಗ್ ಮಾಡಿಸಿದರೂ ನಿಲ್ಲಲಿಲ್ಲ. ಕೊನೆಗೆ ಟೈರ್ ಬಿಚ್ಚಿಸಿದೆ. "ಪಾಯಸ ತುಂಬಿಸಿದ್ದೀರಲ್ಲ ಸಾರ್" ಅಂದ ಹುಡುಗ. ಒಳಗೆ ಮೂರು ಮೊಳೆ! ಒಂದು ಎಷ್ಟು ದಿನದಿಂದ ಇತ್ತೋ, ನೀರಿಳಿದು ಒಳಗಿನ ಉಕ್ಕಿನ ತಂತಿ ತುಕ್ಕು ಹಿಡಿದಿತ್ತು. ತೊಳೆಯದೆ ಪ್ಯಾಚ್ ಅಂಟಲ್ಲ ಅಂತ ತೊಳೆದದ್ದಕ್ಕೆ ಬೇರೆ ದುಡ್ಡು ಕೊಟ್ಟೆ, ಆ ಟೈರ್ ಆದರೂ ಉಳಿಯಿತಾ, ಅದೂ ಇಲ್ಲ.

ನಿನ್ನ ಅಣ್ಣನ ಹೊಸ ಕಾರಿನಲ್ಲಿ ಸ್ಟೆಪ್ನಿಯೇ ಇಲ್ಲ, ಇಂಥದೇ ಜೆಲ್ಲಿನ ಒಂದು ಬಾಟಲಿ, ಒಂದು ಪಂಪ್, ಅಷ್ಟೇ. ಟೈರಿನ ಗಾಳಿ ತೋರಿಸುವ ಸೆನ್ಸರ್ ಮತ್ತು ಈ ಕಿಟ್ ಇದ್ದರೆ ಸ್ಟೆಪ್ನಿ ಬೇಡ ಅಂತ 2020ರ ಅಕ್ಟೋಬರ್‌ನಿಂದ ನಿಯಮವೇ ಇದೆ. ಬಾಟಲಿಯ ಮೇಲೆ ಎಕ್ಸ್‌ಪೈರಿ ತಾರೀಖು ಇರುತ್ತದೆ, ನೋಡಿಕೋ ಅಂತ ಅವನಿಗೂ ಹೇಳು. ಎಲ್ಲ ಜೆಲ್ಲೂ ಸೆನ್ಸರ್‌ಗೆ ಆಗಿಬರಲ್ಲ, ಕೆಲವು ಅದಕ್ಕೇ ಮೆತ್ತಿಕೊಂಡು ಕೆಡಿಸುತ್ತವೆ.

ಬಾಟಲಿಯಲ್ಲಿ ಬರೆದಷ್ಟೇ ಹಾಕಿಸು, ಅಂಗಡಿಯವನು ಜಾಸ್ತಿ ಸುರಿದರೆ ಬಿಡಬೇಡ. ಗಾಳಿ ನೋಡುವಾಗ ವಾಲ್ವ್ ಮೇಲೆ ಬರುವಂತೆ ಚಕ್ರ ನಿಲ್ಲಿಸಿ ಒಂದೆರಡು ನಿಮಿಷ ಬಿಡು, ಇಲ್ಲದಿದ್ದರೆ ಜೆಲ್ ಗೇಜಿಗೆ ಹೋಗುತ್ತದೆ. ಭಾನುವಾರ ತಪ್ಪದೆ ಟೈರ್ ಸುತ್ತ ಕಣ್ಣಾಡಿಸು. ಮೊಳೆ ಕಂಡರೆ ದಾರಿಯಲ್ಲಿ ಕೀಳಬೇಡ, ಅಂಗಡಿಗೆ ಹೋಗಿ ಸರಿಯಾಗಿ ಪಂಕ್ಚರ್ ಹಾಕಿಸು, ಜೆಲ್ ಇದೆ ಅಂತ ಮೊದಲೇ ಹೇಳು.

ಶನಿವಾರ ಬಸ್ಸಿಗೆ ಬರಬೇಡ, ಸ್ಕೂಟರಿನಲ್ಲೇ ಬಾ. ಹಿಂದಿನ ಟೈರ್ ಒಂದು ಸಲ ನಾನೇ ನೋಡಬೇಕು.

ನಿನ್ನ ಮಾವ