ತರಬೇತಿ ವೈದ್ಯರನ್ನು ದೂರವಿಡುವುದು ಬೇಡ, ಮರೆಮಾಚುವುದೂ ಬೇಡ

ಮಾನ್ಯ ಸಂಪಾದಕರೇ,

ಮುಂಬಯಿ ಮಹಾನಗರ ಪಾಲಿಕೆಯ ಆರೋಗ್ಯ ಕೇಂದ್ರಗಳಲ್ಲಿ ‘ಶಿಕಾವು ಡಾಕ್ಟರ್’ಗಳೇ (ಇನ್ನೂ ಕಲಿಯುತ್ತಿರುವ ವೈದ್ಯರೇ) ರೋಗಿಗಳನ್ನು ನೋಡುತ್ತಾರೆ, ಬಡವರ ಮೈಮೇಲೆ ಕಲಿಯಲು ಅವರನ್ನು ಬಿಟ್ಟಿದ್ದಾರೆ ಎಂದು ಓದುಗರೊಬ್ಬರು ಈಚೆಗೆ ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಆತಂಕ ಪೂರ್ತಿ ನಿರಾಧಾರವಲ್ಲ. ಆದರೆ ಆ ಪತ್ರವನ್ನು ಓದಿ ನಮ್ಮ ಹಿರಿಯರು ತರಬೇತಿ ವೈದ್ಯರ ಮೇಜಿನ ಮುಂದೆ ಕೂರಲು ಹಿಂಜರಿದರೆ ನಷ್ಟ ಅವರದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಯುವಕ ಯುವತಿಯರು ಯಾರೆಂಬುದು ಮೊದಲು ಸ್ಪಷ್ಟವಾಗಬೇಕು. ತರಬೇತಿ ವೈದ್ಯರು, ಅಂದರೆ ಇಂಟರ್ನ್‌ಗಳು, ನಾಲ್ಕೂವರೆ ವರ್ಷ ಓದಿ ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ಅನಂತರದ ಒಂದು ವರ್ಷ ಅವರು ಬೇರೆ ಬೇರೆ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಮಾಡಬೇಕು; ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯಂತೆ ಅದರಲ್ಲಿ 12 ವಾರ ಸಮುದಾಯ ವೈದ್ಯಕೀಯಕ್ಕೆ ಮೀಸಲು. ಧಾರಾವಿಯ ಜನ ‘ಛೋಟಾ ಸಯನ್’ (ಚಿಕ್ಕ ಸಯನ್ ಆಸ್ಪತ್ರೆ) ಎಂದು ಕರೆಯುವ ಕೇಂದ್ರ, ಮಾಲಾಡ್‌ನ ಮಾಲ್ವಣಿಯ ಕೇಂದ್ರ ಮೊದಲಾದವು ಪಾಲಿಕೆಯ ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಇಂತಹ ಕಲಿಕೆಯ ತಾಣಗಳು. ಆ ವರ್ಷದಲ್ಲಿ ಅವರ ನೋಂದಣಿ ತಾತ್ಕಾಲಿಕವಾಗಿರುತ್ತದೆ. ಸ್ವತಂತ್ರವಾಗಿ ವೈದ್ಯವೃತ್ತಿ ನಡೆಸುವಂತಿಲ್ಲ, ಮರಣ ಪ್ರಮಾಣಪತ್ರಕ್ಕೆ ತಮ್ಮ ಸಹಿ ಹಾಕುವಂತಿಲ್ಲ, ಹಿರಿಯರ ಮೇಲ್ವಿಚಾರಣೆಯಲ್ಲೇ ದುಡಿಯಬೇಕು.

ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿರುವ ರೋಗಿಗೆ ಕಾಯಿಲೆಯ ಹೆಸರು ಆಗಲೇ ಗೊತ್ತಾಗಿರುತ್ತದೆ. ಸಾಮಾನ್ಯ ಚಿಕಿತ್ಸೆಯ ಹೊರರೋಗಿ ವಿಭಾಗಕ್ಕೆ ಬರುವವರು ‘ಜ್ವರ’, ‘ಸುಸ್ತು’, ‘ಮೈಕೈ ನೋವು’ ಎಂದಷ್ಟೇ ಹೇಳಿಕೊಂಡು ಬರುತ್ತಾರೆ. ಮಳೆಗಾಲದ ಮುಂಬಯಿಯಲ್ಲಿ ಆ ಜ್ವರ ಮಲೇರಿಯಾ ಆಗಿರಬಹುದು, ಡೆಂಗ್ಯೂ ಆಗಿರಬಹುದು, ನಾಲ್ಕು ದಿನದಲ್ಲಿ ತಾನಾಗಿ ಇಳಿಯುವ ಸಾಧಾರಣ ಜ್ವರವೂ ಆಗಿರಬಹುದು. ರಸ್ತೆಯಲ್ಲಿ ನಿಂತ ನೀರಿನಲ್ಲಿ ನಡೆದಿದ್ದೀರಾ, ಕಾಲಿನಲ್ಲಿ ಗಾಯವಿತ್ತೇ ಎಂದು ಕೇಳದಿದ್ದರೆ ಇಲಿ ಮೊದಲಾದ ಪ್ರಾಣಿಗಳ ಮೂತ್ರ ಬೆರೆತ ನೀರಿನಿಂದ ಹರಡುವ ಲೆಪ್ಟೋಸ್ಪೈರೋಸಿಸ್ ಜ್ವರ ಕೈತಪ್ಪಿ ಹೋಗುತ್ತದೆ. 2005ರ ಜುಲೈ 26ರ ಮಹಾಮಳೆಯ ನಂತರ ಈ ನಗರ ಆ ಪಾಠವನ್ನು ಕಷ್ಟಪಟ್ಟು ಕಲಿತಿದೆ. ಕೆಮ್ಮು ಎರಡು ವಾರ ಮೀರಿದೆಯೇ ಎಂದು ಕೇಳಿ, ಕ್ಷಯವಿದೆಯೇ ಎಂದು ತಿಳಿಯಲು ಕಫ ಪರೀಕ್ಷೆಗೆ ಕಳುಹಿಸುವುದೂ ಇಂತಹದೇ ಕೆಲಸ. ಈ ಪ್ರಶ್ನೆಗಳನ್ನು ಕೇಳುವ ಅಭ್ಯಾಸ ರೋಗಿಯ ಎದುರು ಕೂರದೆ ಯಾರಿಗೂ ಬರುವುದಿಲ್ಲ.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ವಿಜಯಪುರ ಜಿಲ್ಲೆಯಿಂದ ಬಂದು ನಮ್ಮೊಂದಿಗಿರುವ ಮಾವನವರಿಗೆ ಕೆಲವು ಕಾಲದಿಂದ ತಲೆ ಸುತ್ತುತ್ತಿತ್ತು. ಒಮ್ಮೆ ಬಚ್ಚಲಿನಲ್ಲಿ ಬಿದ್ದೂ ಇದ್ದರು. ರಕ್ತದೊತ್ತಡಕ್ಕೆ ಒಬ್ಬರು, ಪ್ರಾಸ್ಟೇಟ್ ತೊಂದರೆಗೆ ಇನ್ನೊಬ್ಬರು ಮಾತ್ರೆ ಕೊಟ್ಟಿದ್ದರು. ಆರೋಗ್ಯ ಕೇಂದ್ರದಲ್ಲಿ ನಮ್ಮ ಸರದಿ ಬಂದಾಗ ಮೇಜಿನ ಆಚೆ ಇದ್ದವರು ಸೋಲಾಪುರದ ಕಡೆಯ ಒಬ್ಬ ತರಬೇತಿ ವೈದ್ಯೆ. ತಾನು ಇಂಟರ್ನ್ ಎಂದೂ, ತಾನು ನೋಡಿದ ಮೇಲೆ ಹಿರಿಯ ವೈದ್ಯರು ಬಂದು ನೋಡುವರೆಂದೂ ಅವರು ಮೊದಲೇ ತಿಳಿಸಿದರು. ಕೇಸ್ ಪೇಪರಿನಲ್ಲಿ ಹೆಸರು ಓದಿ, “ಮುತ್ಯಾ, ಎದ್ದ ನಿಂತ ಕೂಡ್ಲೇ ತಲಿ ತಿರಗತದೇನ್ರಿ?” ಎಂದು ಕನ್ನಡದಲ್ಲೇ ಕೇಳಿದರು. ಚೀಲದಲ್ಲಿದ್ದ ಮಾತ್ರೆಗಳ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ಒಂದೊಂದನ್ನೂ ಯಾವ ಹೊತ್ತಿಗೆ ನುಂಗುತ್ತಾರೆಂದು ಬರೆದುಕೊಂಡರು. ಬಳಿಕ ಮಲಗಿಸಿ ರಕ್ತದೊತ್ತಡ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ಮಲಗಿದಾಗ 140 ಇದ್ದ ಮೇಲಿನ ಅಂಕಿ ನಿಂತ ಮೂರು ನಿಮಿಷದೊಳಗೆ 112ಕ್ಕೆ ಇಳಿದಿತ್ತು. ನಿಂತಾಗ ಈ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕಂತೆ. ಹಿರಿಯ ವೈದ್ಯರು ಬಂದು ತಾವೂ ಅಳೆದು ನೋಡಿ, ಎರಡು ಮಾತ್ರೆಗಳೂ ಸೇರಿ ಒತ್ತಡವನ್ನು ತಗ್ಗಿಸುತ್ತಿವೆ ಎಂದು ವಿವರಿಸಿ, ಒಂದರ ಪ್ರಮಾಣವನ್ನೂ ಇನ್ನೊಂದರ ಹೊತ್ತನ್ನೂ ಬದಲಿಸಿದರು. ಹಾಸಿಗೆಯಿಂದ ಏಳುವಾಗ ಸ್ವಲ್ಪ ಹೊತ್ತು ಅಂಚಿನಲ್ಲಿ ಕುಳಿತು ಏಳಬೇಕೆಂದು ಹೇಳಿಕೊಟ್ಟವರು ಆ ಹುಡುಗಿಯೇ. ಹಿಂದೆ ನೋಡಿದ ವೈದ್ಯರು ಅನುಭವದಲ್ಲಿ ಅವರಿಗಿಂತ ಎಷ್ಟೋ ದೊಡ್ಡವರು. ಆದರೆ ಅವರಲ್ಲಿ ಯಾರೂ ಮಾವನವರನ್ನು ನಿಲ್ಲಿಸಿ ನೋಡಿರಲಿಲ್ಲ.

ಎಲ್ಲ ಕಡೆಯೂ ಹೀಗೆ ನಡೆಯುವುದಿಲ್ಲ ಎಂಬುದನ್ನೂ ಬಲ್ಲೆ. ನಮ್ಮ ಪರಿಚಯದ ಮಹಿಳೆಯೊಬ್ಬರನ್ನು ಇನ್ನೊಂದು ಕಡೆ ತರಬೇತಿಯಲ್ಲಿರುವ ಯುವಕನೊಬ್ಬ ತಾನು ಯಾರೆಂದು ಹೇಳದೆ, ಜೊತೆಯಲ್ಲಿ ಮಹಿಳಾ ಸಿಬ್ಬಂದಿಯೂ ಇಲ್ಲದೆ ಪರೀಕ್ಷಿಸಿದ; ಹಿರಿಯ ವೈದ್ಯರು ಕೊನೆಯವರೆಗೂ ಕಾಣಿಸಲಿಲ್ಲ. ಆಕೆ ಅಳುತ್ತಾ ಮನೆಗೆ ಬಂದರು. ಈ ತಪ್ಪನ್ನು ಆ ಹುಡುಗನ ತಲೆಗೆ ಮಾತ್ರ ಕಟ್ಟುವುದು ಸರಿಯಲ್ಲ; ಅವನನ್ನು ಒಬ್ಬನೇ ಬಿಟ್ಟುಹೋದವರು ಅದಕ್ಕೆ ಹೆಚ್ಚು ಹೊಣೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ತನಗೆ ಚಿಕಿತ್ಸೆ ನೀಡುತ್ತಿರುವವರು ಯಾರು, ಅವರ ವೃತ್ತಿಪರ ಸ್ಥಾನವೇನು, ತನ್ನ ಹೊಣೆ ಹೊತ್ತ ವೈದ್ಯರು ಯಾರು ಎಂದು ತಿಳಿಯುವ ಹಕ್ಕು ರೋಗಿಗಿದೆ ಎಂದು ಹೇಳಿದೆ. ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಹಾಜರಿರಬೇಕೆಂಬುದೂ ಅದರಲ್ಲಿದೆ. ನಮ್ಮವರಲ್ಲಿ ಹೆಚ್ಚಿನವರಿಗೆ ಇದು ತಿಳಿದಿಲ್ಲ. ತಿಳಿದವರೂ, ಬಿಟ್ಟಿ ಔಷಧಿಗೆ ಬಂದವರು ಹಕ್ಕು ಕೇಳುವುದೆಂತು ಎಂದು ಸುಮ್ಮನಾಗುತ್ತಾರೆ. ಪಾಲಿಕೆಯ ಆಸ್ಪತ್ರೆ ನಡೆಯುವುದು ನಾವು ಕಟ್ಟುವ ತೆರಿಗೆಯಿಂದ. ಅಲ್ಲಿ ಯಾರೂ ಬಿಟ್ಟಿ ಬಂದವರಲ್ಲ.

ಉಪನಗರಗಳ ಚಾಳುಗಳ ನಡುವೆ ಇದ್ದ ಹಳೆಯ ಕುಟುಂಬ ವೈದ್ಯರ ಕ್ಲಿನಿಕ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಅಂತಹ ವೈದ್ಯರು ಮುಂದೆಯೂ ನಮಗೆ ಬೇಕಿದ್ದರೆ ಅವರು ಎಲ್ಲಾದರೂ ಕಲಿಯಲೇಬೇಕು. ಆದ್ದರಿಂದ ಪಾಲಿಕೆಯ ಆರೋಗ್ಯ ವಿಭಾಗದವರಲ್ಲಿ ನನ್ನ ವಿನಂತಿ ಇಷ್ಟು: ತರಬೇತಿ ವೈದ್ಯರ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನೊಂದಿಗೆ ಅವರು ತರಬೇತಿಯಲ್ಲಿದ್ದಾರೆಂಬುದೂ ಮರಾಠಿ, ಹಿಂದಿಯಲ್ಲಿ ದೊಡ್ಡ ಅಕ್ಷರದಲ್ಲಿರಲಿ, ಅಂದಿನ ಹೊಣೆ ಹೊತ್ತ ಹಿರಿಯ ವೈದ್ಯರ ಹೆಸರನ್ನು ಪ್ರತಿ ಕೇಸ್ ಪೇಪರಿನ ಮೇಲೂ ಬರೆಯಲಿ, ತರಬೇತಿ ವೈದ್ಯರು ಬೇಡವೆಂದ ರೋಗಿಯನ್ನು ಗದರಿಸದೆ ಹಿರಿಯರ ಸಾಲಿಗೆ ಕಳುಹಿಸಲಿ. ಅಕ್ಕಲಕೋಟೆ, ಜತ್ತ, ಸೋಲಾಪುರಗಳ ಕಡೆಯಿಂದ ಬಂದು ಕನ್ನಡ ಬಲ್ಲ ವಿದ್ಯಾರ್ಥಿಗಳು ಇಲ್ಲಿನ ಕಾಲೇಜುಗಳಲ್ಲಿದ್ದಾರೆ. ಧಾರಾವಿಯಂತಹ ಕಡೆ ಕನ್ನಡ ಮಾತ್ರ ಬಲ್ಲ ವೃದ್ಧರಿಗೆ ಅವರ ನೆರವು ಸಿಗುವಂತೆ ಮಾಡಲು ನಮ್ಮ ಕನ್ನಡ ಸಂಘಗಳು ಈ ಕಾಲೇಜುಗಳೊಂದಿಗೆ ಮಾತನಾಡಲು ಮುಂದಾಗಬೇಕು.

ಇತಿ,
ಓರ್ವ ಓದುಗ
ಚೆಂಬೂರು, ಮುಂಬಯಿ